ಮಳೆಯ ನೀರು, ರಸ್ತೆಯ ಯೋಜನೆ ಮತ್ತು ವ್ಯಾಪಾರಿಯ ನಷ್ಟ

2022ರ ಆಗಸ್ಟ್ 30ರಂದು ಸುರಿದ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಜಲಾವೃತವಾಯಿತು. ಆ ರಸ್ತೆಯ ಬದಿಯಲ್ಲಿರುವ ಕಂಪನಿಗಳ ಒಕ್ಕೂಟವು ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ನೌಕರರು ಸುಮಾರು ಐದು ಗಂಟೆಗಳ ಕಾಲ ರಸ್ತೆಯಲ್ಲಿಯೇ ಸಿಲುಕಿದ್ದರಿಂದ ಆ ಒಂದು ದಿನದಲ್ಲಿ 225 ಕೋಟಿ ರೂಪಾಯಿಗಳ ನಷ್ಟ ಸಂಭವಿಸಿತೆಂದು ತಿಳಿಸಿತು. ಒಂದು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 4ರ ರಾತ್ರಿಯಿಂದ 5ರ ಬೆಳಗಿನವರೆಗೆ, ನಗರದಲ್ಲಿ 130 ಮಿಲಿಮೀಟರಿಗೂ ಅಧಿಕ ಮಳೆ ಬಿದ್ದಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಅದೇ ವೇಳೆಗೆ ಮಂಡ್ಯ ಜಿಲ್ಲೆಯ ಟಿ.ಕೆ.ಹಳ್ಳಿಯ ಪಂಪ್‌ಹೌಸಿಗೆ ನೀರು ನುಗ್ಗಿ ನಗರಕ್ಕೆ ಬರುವ ಕಾವೇರಿ ಕುಡಿಯುವ ನೀರಿನ ಪೂರೈಕೆಯೂ ನಿಂತುಹೋಯಿತು.

ದೊಡ್ಡ ಕಂಪನಿಗಳು ತಮ್ಮ ನಷ್ಟವನ್ನು ಅಂಕಿಯಲ್ಲಿ ಹೇಳಿದ್ದರಿಂದ ಅದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆದರೆ ಪೇಟೆಯ ಗೋದಾಮಿನಲ್ಲಿ ನೆನೆದ ಬಟ್ಟೆಯ ಥಾನುಗಳು, ಕೈಗಾರಿಕಾ ಬಡಾವಣೆಯ ಶೆಡ್ಡಿನಲ್ಲಿ ಸುಟ್ಟುಹೋದ ಮೋಟಾರು, ಸಮಯಕ್ಕೆ ತಲುಪದೆ ಹಿಂದಕ್ಕೆ ಬಂದ ಸರಕು ಇವು ಒಂದೆಡೆ ಕೂಡಿಸಿದ ಲೆಕ್ಕಕ್ಕೆ ಬರುವುದು ವಿರಳ. ಲೆಕ್ಕಕ್ಕೆ ಬಾರದ ನಷ್ಟಕ್ಕೆ ಯೋಜನೆಯಲ್ಲಿ ಸ್ಥಾನ ಸಿಗುವುದಿಲ್ಲ. ಆದ್ದರಿಂದ ನೀರು ರಸ್ತೆಯ ಮೇಲೆ ಏಕೆ ನಿಲ್ಲುತ್ತದೆ, ಅದರ ವೆಚ್ಚ ಸಣ್ಣ ಉದ್ದಿಮೆಯ ಪುಸ್ತಕದಲ್ಲಿ ಯಾವ ಯಾವ ಬಾಬಿನಲ್ಲಿ ಸೇರುತ್ತದೆ, ಮತ್ತು ನಾವು ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಿಣ್ಣೆಯ ಮೇಲಿನ ನಗರ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಗರದ ಮಧ್ಯೆ ಹಾಯ್ದುಹೋಗುವ ಎತ್ತರದ ದಿಣ್ಣೆಯಿಂದ ನೀರು ಎರಡೂ ಬದಿಗೆ ಹರಿಯುತ್ತದೆ. ಪಶ್ಚಿಮದ ನೀರು ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಯನ್ನೂ, ಮುಂದೆ ಕಾವೇರಿಯನ್ನೂ ಸೇರುತ್ತದೆ. ಪೂರ್ವದ ನೀರು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ದೊಡ್ಡ ನದಿಯ ದಂಡೆಯೂ ಇಲ್ಲ, ಸಮುದ್ರದ ಉಬ್ಬರವಿಳಿತವೂ ಇಲ್ಲ. ಇಂತಹ ನೆಲದಲ್ಲಿ ಮಳೆನೀರು ತಾನಾಗಿಯೇ ಇಳಿದುಹೋಗಬೇಕು. ಇಲ್ಲಿ ಪ್ರವಾಹವನ್ನು ನಿಸರ್ಗದ ವಿಕೋಪವೆಂದು ಕೈಚೆಲ್ಲುವುದಕ್ಕೆ ಅವಕಾಶ ಕಡಿಮೆ.

ಹಿಂದಿನವರು ಈ ಇಳಿಜಾರನ್ನು ಬಳಸಿಕೊಂಡೇ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹೋಗುತ್ತಿತ್ತು. ಕೆರೆ ನೀರನ್ನು ಕೂಡಿಡುತ್ತಿತ್ತಲ್ಲದೆ ಅದರ ವೇಗವನ್ನೂ ತಗ್ಗಿಸುತ್ತಿತ್ತು. ಒಂದು ಗಂಟೆಯಲ್ಲಿ ಬಿದ್ದ ಮಳೆಯನ್ನು ಹಲವು ಗಂಟೆಗಳ ಕಾಲ ನಿಧಾನವಾಗಿ ಬಿಟ್ಟುಕೊಡುವುದೇ ಅದರ ಕೆಲಸವಾಗಿತ್ತು. ಹೀಗಿರುವಾಗ ಸರಪಣಿಯ ಒಂದು ಕೊಂಡಿ ಕಳಚಿದರೂ ಅದರ ಕೆಳಗಿನ ಪ್ರದೇಶ ತೊಂದರೆಗೆ ಸಿಲುಕುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇಂತಹ ಅನೇಕ ಕೊಂಡಿಗಳು ಕಳಚಿದವು. ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂದಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ರಾಷ್ಟ್ರೀಯ ಕ್ರೀಡಾಗ್ರಾಮ ನಿಂತಿರುವುದೂ ಕೆರೆಯಂಗಳದಲ್ಲಿಯೇ. ಇವುಗಳಲ್ಲಿ ಹಲವು ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರವೇ ಕೈಗೊಂಡ ಕಾಮಗಾರಿಗಳು ಎಂಬುದನ್ನು ಗಮನಿಸಬೇಕು. ಒತ್ತುವರಿಯ ಹೊಣೆಯನ್ನು ಖಾಸಗಿಯವರ ಮೇಲೆ ಮಾತ್ರ ಹೊರಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ಕಾಲುವೆಗಳ ಸ್ಥಿತಿಯನ್ನು ಕುರಿತು ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು ಬೆಂಗಳೂರಿನ ಮಳೆನೀರು ನಿರ್ವಹಣೆಯ ಬಗ್ಗೆ ಸಲ್ಲಿಸಿ, 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ವರದಿಯ ಅಂಕಿಗಳು ಕಣ್ತೆರೆಸುವಂತಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿ.ಮೀ. ಉದ್ದದ ಕಾಲುವೆಗಳಿದ್ದವು, 2016–17ರ ವೇಳೆಗೆ ಉಳಿದದ್ದು 62.84 ಕಿ.ಮೀ. ಮಾತ್ರ. ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಇದ್ದದ್ದು 111.72 ಕಿ.ಮೀ.ಗೆ ಇಳಿದಿತ್ತು. ಅಂದರೆ ನಗರ ಹಲವು ಪಟ್ಟು ಬೆಳೆದ ಅವಧಿಯಲ್ಲಿ, ಅದರ ನೀರನ್ನು ಹೊರಸಾಗಿಸುವ ದಾರಿ ಸರಿಸುಮಾರು ಅರ್ಧಕ್ಕೆ ಕುಗ್ಗಿತು.

ಟ್ಯಾಂಕರಿನ ಲೆಕ್ಕ

ಮಳೆನೀರಿನ ಕಾಲುವೆಯನ್ನು ಅಳೆಯಲು ಇಂಜಿನಿಯರುಗಳು ಬಳಸುವ ಮೂಲಸೂತ್ರ ಸರಳವಾದುದು. ನೆಲದ ವಿಸ್ತೀರ್ಣವನ್ನು ಮಳೆಯ ಬಿರುಸಿನಿಂದ ಗುಣಿಸಿ, ಬಿದ್ದ ನೀರಿನಲ್ಲಿ ಎಷ್ಟು ಭಾಗ ಇಂಗದೆ ಹರಿದುಹೋಗುತ್ತದೆ ಎಂಬ ಪ್ರಮಾಣದಿಂದ ಮತ್ತೆ ಗುಣಿಸಬೇಕು. ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಜಾಗದಲ್ಲಿ ಗಂಟೆಗೆ 50 ಮಿ.ಮೀ. ಮಳೆ ಬಿದ್ದಿತೆಂದು ಭಾವಿಸೋಣ. ಬಿದ್ದ ನೀರು ಒಟ್ಟು 5 ಲಕ್ಷ ಲೀಟರ್. ಅದು ಮರಗಿಡಗಳಿರುವ ತೆರೆದ ನೆಲವಾಗಿದ್ದರೆ ಶೇಕಡಾ 30ರಷ್ಟು ಹರಿದುಹೋಗುತ್ತದೆಂದು ಹಿಡಿದರೂ ಕಾಲುವೆಗೆ ಬರುವುದು ಒಂದೂವರೆ ಲಕ್ಷ ಲೀಟರ್. ಅದೇ ಜಾಗಕ್ಕೆ ತಗಡು, ತಾರಸಿ, ಡಾಂಬರು, ಕಾಂಕ್ರೀಟು ಬಂದ ಮೇಲೆ ಶೇಕಡಾ 90ರಷ್ಟು, ಅಂದರೆ ನಾಲ್ಕೂವರೆ ಲಕ್ಷ ಲೀಟರ್ ಬರುತ್ತದೆ. ನಗರದಲ್ಲಿ ಎಲ್ಲರಿಗೂ ಪರಿಚಿತವಾದ 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು 25 ಟ್ಯಾಂಕರ್ ನೀರು ಬರುತ್ತಿದ್ದ ಕಾಲುವೆಗೆ ಈಗ 75 ಟ್ಯಾಂಕರ್ ನೀರು ಬರುತ್ತಿದೆ. ಮಳೆ ಒಂದು ಹನಿಯೂ ಹೆಚ್ಚಾಗಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ನಗರ ಪ್ರವಾಹದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ನಗರೀಕರಣದಿಂದ ಪ್ರವಾಹದ ಗರಿಷ್ಠ ಹರಿವು 1.8ರಿಂದ 8 ಪಟ್ಟು ಹೆಚ್ಚಬಹುದೆಂದೂ, ನಗರ ಪ್ರವಾಹವನ್ನು ನದಿ ಪ್ರವಾಹದಿಂದ ಪ್ರತ್ಯೇಕವಾಗಿ ಪರಿಗಣಿಸಬೇಕೆಂದೂ ಅದರಲ್ಲಿ ತಿಳಿಸಲಾಗಿದೆ. ನದಿಯ ಪ್ರವಾಹ ಬರಲು ದಿನಗಳು ಬೇಕು. ನಗರದ ಪ್ರವಾಹಕ್ಕೆ ಕೆಲವೊಮ್ಮೆ ಅರ್ಧ ಗಂಟೆಯೇ ಸಾಕು.

ಕಾಲುವೆಯನ್ನು ಎಷ್ಟು ಬಿರುಸಿನ ಮಳೆಗೆಂದು ಅಳೆದು ಕಟ್ಟಬೇಕು ಎಂಬುದು ಮುಂದಿನ ಪ್ರಶ್ನೆ. ಇದರಲ್ಲಿ ಮುಂಬಯಿಯ ಅನುಭವ ಪಾಠವಾಗಬಲ್ಲದು. ಅಲ್ಲಿನ ಹಳೆಯ ಚರಂಡಿ ವ್ಯವಸ್ಥೆ ಗಂಟೆಗೆ 25 ಮಿ.ಮೀ. ಮಳೆಗೆ ತಕ್ಕಂತೆ ರೂಪಿತವಾಗಿತ್ತು. ಅದನ್ನು 50 ಮಿ.ಮೀ.ಗೆ ಏರಿಸಬೇಕೆಂಬ ಯೋಜನಾ ವರದಿ 1993ರಲ್ಲಿಯೇ ಸಿದ್ಧವಾಗಿದ್ದರೂ ಕೆಲಸಕ್ಕೆ ವೇಗ ಬಂದದ್ದು 2005ರ ಜುಲೈ 26ರ ಅನಾಹುತದ ನಂತರ. ಅಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ದಾಖಲಾಗಿತ್ತು. ಅಷ್ಟು ಮಳೆಯನ್ನು ಯಾವ ಚರಂಡಿಯೂ ತಾಳಲಾರದು, ನಿಜ. ಆದರೆ ಹನ್ನೆರಡು ವರ್ಷ ಕಡತದಲ್ಲಿಯೇ ಉಳಿದ ವರದಿಯಿಂದ ಯಾವ ವ್ಯಾಪಾರಿಯ ಸರಕೂ ಉಳಿಯಲಿಲ್ಲ.

ರಸ್ತೆಯೇ ಕಾಲುವೆಯಾಗುವ ಬಗೆ

ರಾಜಕಾಲುವೆ ಎಷ್ಟು ಅಗಲವಿದ್ದರೂ ರಸ್ತೆಯ ನೀರು ಅದನ್ನು ತಲುಪಬೇಕಲ್ಲವೇ? ನಿತ್ಯದ ಸಣ್ಣ ಮಳೆಗೇ ಅಂಗಡಿಬೀದಿಗಳಲ್ಲಿ ನೀರು ನಿಲ್ಲುವುದಕ್ಕೆ ಕಾರಣ ಬಹುಮಟ್ಟಿಗೆ ಈ ಕೊನೆಯ ಕೆಲವು ಅಡಿಗಳಲ್ಲಿಯೇ ಇರುತ್ತದೆ.

ಮೊದಲನೆಯ ಕಾರಣ ರಸ್ತೆಯ ಮಟ್ಟ. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಡಾಂಬರು ಹಾಕುತ್ತ ಹೋದರೆ ಪ್ರತಿ ಸಲವೂ ರಸ್ತೆ ಒಂದೆರಡು ಅಂಗುಲ ಏರುತ್ತದೆ. ಕೆಲವು ಬಾರಿ ಹೀಗಾದ ಮೇಲೆ ಅಂಗಡಿಯ ಹೊಸ್ತಿಲು ರಸ್ತೆಗಿಂತ ಕೆಳಗಿರುತ್ತದೆ. ಮಳೆಯ ನೀರಿಗೆ ಚರಂಡಿಗಿಂತ ಅಂಗಡಿಯೇ ಹತ್ತಿರದ ದಾರಿಯಾಗುತ್ತದೆ.

ಎರಡನೆಯದು ನೀರು ಇಳಿಯುವ ಕಿಂಡಿಗಳು. ರಸ್ತೆಯ ಅಂಚಿನಿಂದ ಚರಂಡಿಗೆ ನೀರು ಇಳಿಯಲು ಪಾದಚಾರಿ ಮಾರ್ಗದ ಬದಿಯಲ್ಲಿ ಕಿಂಡಿಗಳಿರಬೇಕು. ಅವು ಸಾಲದಿದ್ದರೆ, ರಸ್ತೆಯ ಮಟ್ಟಕ್ಕಿಂತ ಮೇಲಿದ್ದರೆ ಅಥವಾ ಪ್ಲಾಸ್ಟಿಕ್ ಚೀಲಗಳಿಂದ ಮುಚ್ಚಿಹೋಗಿದ್ದರೆ, ಕೆಳಗೆ ಚರಂಡಿ ಖಾಲಿಯಿದ್ದರೂ ಮೇಲೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಮೂರನೆಯದು ಹೂಳು. ಚರಂಡಿಯ ಅರ್ಧ ಆಳಕ್ಕೆ ಹೂಳು ತುಂಬಿದರೆ ಅದರ ಸಾಮರ್ಥ್ಯ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಏಕೆಂದರೆ ನೀರಿನ ವೇಗವೂ ಕುಂದುತ್ತದೆ. ಈ ವಿಷಯದಲ್ಲಿ ವ್ಯಾಪಾರಿ ಸಮುದಾಯವೂ ತನ್ನ ಪಾಲಿನ ಹೊಣೆಯನ್ನು ಒಪ್ಪಿಕೊಳ್ಳಬೇಕು. ಪ್ಯಾಕಿಂಗ್ ಹಾಳೆ, ಥರ್ಮೋಕೋಲ್, ಕಟ್ಟಡದ ಅವಶೇಷಗಳು ಚರಂಡಿ ಸೇರುವುದು ನಮ್ಮ ಮಳಿಗೆಗಳ ಮುಂದೆಯೇ.

ನಾಲ್ಕನೆಯದು ಕಣಿವೆಗೆ ಅಡ್ಡಲಾಗಿ ಬಂದ ರಸ್ತೆಗಳು. ತಗ್ಗಿನಲ್ಲಿ ಎತ್ತರಿಸಿ ಕಟ್ಟಿದ ರಸ್ತೆಯ ಕೆಳಗೆ ಸಾಕಷ್ಟು ಅಗಲದ ಮೋರಿಗಳಿಲ್ಲದಿದ್ದರೆ ಅದು ಕೆರೆಯ ಏರಿಯಂತೆ ನೀರನ್ನು ತಡೆದು ನಿಲ್ಲಿಸುತ್ತದೆ. ಕೆರೆಗೆ ತೂಬೂ ಕೋಡಿಯೂ ಇರುತ್ತವೆ, ರಸ್ತೆಗೆ ಅವಿಲ್ಲ. ಕೆಳಸೇತುವೆಗಳದು ಇದಕ್ಕೆ ವಿರುದ್ಧವಾದ ಸಮಸ್ಯೆ. ಅಲ್ಲಿ ಸುತ್ತಲಿನ ನೀರೆಲ್ಲ ಬಂದು ಸೇರುತ್ತದೆ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ನೀರಿನಲ್ಲಿ ಮುಳುಗಿ ಯುವ ಉದ್ಯೋಗಿಯೊಬ್ಬರು ಪ್ರಾಣ ಕಳೆದುಕೊಂಡರು. ವಿಧಾನಸೌಧಕ್ಕೆ ಕೂಗಳತೆಯ ದೂರದಲ್ಲಿ ನಡೆದ ಘಟನೆಯಿದು.

ಒಂದೇ ರಸ್ತೆ, ಹಲವು ಒಡೆಯರು

ಮೇಲಿನ ನಾಲ್ಕೂ ದೋಷಗಳಿಗೆ ತಾಂತ್ರಿಕ ಪರಿಹಾರ ಎಲ್ಲರಿಗೂ ಗೊತ್ತಿರುವಂಥದೇ. ಹಾಗಿದ್ದೂ ಅವು ಉಳಿದುಕೊಂಡಿರಲು ಕಾರಣ ಕೆಲಸ ಹಂಚಿಹೋಗಿರುವ ರೀತಿ. ಒಂದು ರಸ್ತೆಯಲ್ಲಿ ಡಾಂಬರು ನಗರಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ವಿದ್ಯುತ್ ಕೇಬಲ್ ಬೆಸ್ಕಾಂನದು, ಮೇಲಿನ ಕಂಬಗಳು ಮೆಟ್ರೋ ನಿಗಮದವು. ಬಡಾವಣೆಯ ನಕ್ಷೆ ಅಭಿವೃದ್ಧಿ ಪ್ರಾಧಿಕಾರದ್ದು. ಪ್ರತಿಯೊಂದಕ್ಕೂ ಪ್ರತ್ಯೇಕ ಟೆಂಡರು, ಪ್ರತ್ಯೇಕ ಗುತ್ತಿಗೆದಾರರು, ಪ್ರತ್ಯೇಕ ಬಿಲ್ಲು. ರಸ್ತೆಯ ಬಿಲ್ಲು ಪಾವತಿಯಾಗುವುದು ಎಷ್ಟು ಚದರ ಮೀಟರು ಡಾಂಬರು ಹಾಕಿದರು ಎಂಬುದರ ಮೇಲೆ. ಮಳೆ ಬಂದಾಗ ನೀರು ಹೋಯಿತೇ ಎಂದು ಅಳೆದು ಹಣ ಕೊಡುವ ಪದ್ಧತಿಯಿಲ್ಲ.

ನಗರ ಬೆಳೆದ ರೀತಿಯೂ ಇದಕ್ಕೆ ಪೂರಕವಾಯಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಹೊಸ ಪ್ರದೇಶಗಳಲ್ಲಿ ಮನೆ, ಕಚೇರಿ, ಶೆಡ್ಡುಗಳು ಮೊದಲು ಬಂದವು. ಚರಂಡಿ ಆಮೇಲೆ ಬಂದಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ಅದು ಆಡಳಿತಾಧಿಕಾರಿಗಳ ಕೈಯಲ್ಲಿಯೇ ನಡೆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು ಒಂದು ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳೂ ಅವುಗಳ ಮೇಲೆ ಒಂದು ಪ್ರಾಧಿಕಾರವೂ ಬಂದಿವೆ. ನೀರಿಗೆ ಪಾಲಿಕೆಯ ಗಡಿ ತಿಳಿಯದು. ಮೇಲಿನ ಪಾಲಿಕೆಯ ವ್ಯಾಪ್ತಿಯಲ್ಲಿ ಹೂಳೆತ್ತದಿದ್ದರೆ ಕೆಳಗಿನ ಪಾಲಿಕೆಯ ವ್ಯಾಪ್ತಿಯಲ್ಲಿ ಅಂಗಡಿ ಮುಳುಗುತ್ತದೆ. ಆದ್ದರಿಂದ ಕಣಿವೆಯೊಂದನ್ನು ಒಂದೇ ಘಟಕವಾಗಿ ನೋಡುವ ಹೊಣೆ ಪ್ರಾಧಿಕಾರದ ಮಟ್ಟದಲ್ಲಿ ಸ್ಪಷ್ಟವಾಗಿರುವುದು ಅತ್ಯಗತ್ಯ.

ನಗರದಲ್ಲಿಯೇ ಒಳ್ಳೆಯ ಮಾದರಿ ಇಲ್ಲವೆಂದಲ್ಲ. ಕಳೆದ ದಶಕದಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಮುಂತಾದೆಡೆ ಮಳೆನೀರಿನ ಚರಂಡಿ, ಒಳಚರಂಡಿ, ಕೇಬಲ್ ಕೊಳವೆ, ಪಾದಚಾರಿ ಮಾರ್ಗ ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ, ಒಂದೇ ಗುತ್ತಿಗೆಯಲ್ಲಿ ಸೇರಿಸಲಾಯಿತು. ಖರ್ಚು ಹೆಚ್ಚೆಂಬ ಟೀಕೆ ಬಂದರೂ, ರಸ್ತೆಯೆಂದರೆ ಡಾಂಬರು ಮಾತ್ರವಲ್ಲ ಎಂಬ ತತ್ತ್ವವನ್ನು ಅದು ತೋರಿಸಿಕೊಟ್ಟಿತು.

ನಷ್ಟದ ಬಾಬುಗಳು

ನೀರು ನುಗ್ಗಿದ ದಿನ ಕಣ್ಣಿಗೆ ಕಾಣುವುದು ನೆನೆದ ಸರಕು. ಆದರೆ ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಸದಸ್ಯರು ಮೂರು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ತೆರಿಗೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನ ಪ್ರಕಾರ ನಾಶವಾದ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಈಗಾಗಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಶೇಕಡಾ 18ರ ದರದ 10 ಲಕ್ಷ ರೂಪಾಯಿಗಳ ದಾಸ್ತಾನು ನೀರು ಪಾಲಾದರೆ ಸರಕಿನ ಬೆಲೆಯ ಜೊತೆಗೆ 1 ಲಕ್ಷ 80 ಸಾವಿರ ರೂಪಾಯಿಗಳ ತೆರಿಗೆಯೂ ವ್ಯಾಪಾರಿಯ ತಲೆಯ ಮೇಲೆ ಬೀಳುತ್ತದೆ. ವಿಮೆಯ ಮೊತ್ತವನ್ನು ನಿಗದಿಪಡಿಸುವಾಗ ಈ ತೆರಿಗೆಯನ್ನೂ ಸೇರಿಸಿಕೊಳ್ಳುವ ಬಗ್ಗೆ ಲೆಕ್ಕಪರಿಶೋಧಕರೊಂದಿಗೆ ಚರ್ಚಿಸುವುದು ಒಳಿತು.

ಎರಡನೆಯದು ಕಡಿಮೆ ಮೊತ್ತದ ವಿಮೆ. 2021ರ ಏಪ್ರಿಲ್ 1ರಿಂದ ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದಕ್ಕಿಂತ ಮೇಲೆ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳು ಜಾರಿಯಲ್ಲಿವೆ. ಪ್ರವಾಹ ಮತ್ತು ಜಲಾವೃತಿಯಿಂದಾಗುವ ಹಾನಿ ಇವುಗಳ ವ್ಯಾಪ್ತಿಯಲ್ಲಿದೆ. ಶೇಕಡಾ 15ರವರೆಗಿನ ಕೊರತೆಯನ್ನು ಕಂಪನಿಗಳು ಲೆಕ್ಕಿಸುವುದಿಲ್ಲ. ಅದನ್ನು ಮೀರಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. 20 ಲಕ್ಷದ ದಾಸ್ತಾನಿಗೆ 10 ಲಕ್ಷದ ವಿಮೆ ಮಾಡಿಸಿದವರಿಗೆ 4 ಲಕ್ಷದ ಹಾನಿಯಾದರೆ ದೊರೆಯುವುದು ಸುಮಾರು 2 ಲಕ್ಷ ಮಾತ್ರ. ಹಬ್ಬದ ಮುಂಚೆ, ಅಂದರೆ ಮಳೆಗಾಲದ ಕೊನೆಯ ಭಾಗದಲ್ಲಿಯೇ, ದಾಸ್ತಾನು ಗರಿಷ್ಠವಾಗಿರುತ್ತದೆ ಎಂಬುದನ್ನು ಮರೆಯಬಾರದು. ನೆಲಮಾಳಿಗೆಯಲ್ಲಿಟ್ಟ ಸರಕಿಗೆ ಪ್ರತ್ಯೇಕ ಷರತ್ತುಗಳಿವೆಯೇ ಎಂಬುದನ್ನೂ ಓದಿ ನೋಡಬೇಕು.

ಮೂರನೆಯದು ಕೆಲಸ ನಿಂತ ದಿನಗಳು. ಸಾಮಾನ್ಯ ಪಾಲಿಸಿ ಹಾಳಾದ ವಸ್ತುವಿಗೆ ಪರಿಹಾರ ಕೊಡುತ್ತದೆಯೇ ಹೊರತು, ಯಂತ್ರ ನಿಂತ ಹತ್ತು ದಿನಗಳ ಲಾಭಕ್ಕಲ್ಲ. ಅದಕ್ಕೆ ಪ್ರತ್ಯೇಕ ರಕ್ಷಣೆ ಬೇಕು. ಕೆಲಸಗಾರರ ಕೂಲಿ, ಬಾಡಿಗೆ, ಬ್ಯಾಂಕಿನ ಬಡ್ಡಿ ಇವು ಮಳೆಯೆಂದು ನಿಲ್ಲುವುದಿಲ್ಲ. ಸಮಯಕ್ಕೆ ಮಾಲು ಕೊಡದ ಸಣ್ಣ ತಯಾರಕನಿಂದ ಮುಂದಿನ ಆದೇಶವೇ ಕೈತಪ್ಪಬಹುದು. ಈ ನಷ್ಟಕ್ಕೆ ಯಾವ ವಿಮೆಯೂ ಇಲ್ಲ.

ನಾವು ಮಾಡಬೇಕಾದುದು, ಕೇಳಬೇಕಾದುದು

ನಮ್ಮ ಆವರಣದೊಳಗಿನ ಕೆಲಸ ನಮ್ಮ ಕೈಯಲ್ಲಿಯೇ ಇದೆ. ವಿದ್ಯುತ್ ಫಲಕ ಮತ್ತು ಯಂತ್ರಗಳ ನಿಯಂತ್ರಣ ಪೆಟ್ಟಿಗೆಗಳನ್ನು ಹಿಂದೆ ನೀರು ನಿಂತ ಗುರುತಿಗಿಂತ ಮೇಲಕ್ಕೆ ಏರಿಸಬೇಕು. ಸರಕನ್ನು ನೆಲದ ಮೇಲಿಡದೆ ಅಟ್ಟಣಿಗೆಯ ಮೇಲಿಡಬೇಕು. ನೀರಿನಲ್ಲಿ ಮುಳುಗಿದ ಮೋಟಾರನ್ನು ಒಣಗಿಸಿ, ಇನ್ಸುಲೇಷನ್ ಪರೀಕ್ಷಿಸುವವರೆಗೆ ಚಾಲನೆ ಮಾಡಬಾರದು. ಅವಸರದಿಂದ ಗುಂಡಿ ಒತ್ತಿ ಯಂತ್ರವನ್ನೂ ಕೆಲವೊಮ್ಮೆ ಜೀವವನ್ನೂ ಕಳೆದುಕೊಳ್ಳುವ ಅಪಾಯವಿದೆ. ಹಾನಿಯಾದ ಸರಕನ್ನು ವಿಲೇವಾರಿ ಮಾಡುವ ಮುನ್ನ ಛಾಯಾಚಿತ್ರ ತೆಗೆದು, ವಿಮಾ ಕಂಪನಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. 5,000 ಚದರ ಅಡಿಯ ಶೆಡ್ಡಿನ ಚಾವಣಿಯಿಂದ 50 ಮಿ.ಮೀ. ಮಳೆಗೆ 23,000 ಲೀಟರ್ ನೀರು ಬರುತ್ತದೆ. ಇದು ಸುಮಾರು ನಾಲ್ಕು ಟ್ಯಾಂಕರ್. 2009ರ ಕಾಯ್ದೆ ತಿದ್ದುಪಡಿಯಿಂದ ಕಡ್ಡಾಯವಾದ ಮಳೆನೀರು ಕೊಯ್ಲನ್ನು ದಂಡ ತಪ್ಪಿಸುವ ಉಪಾಯವೆಂದು ನೋಡದೆ, ಬೇಸಿಗೆಯ ಟ್ಯಾಂಕರ್ ಖರ್ಚಿನ ಉಳಿತಾಯವೆಂದೂ ರಸ್ತೆಯ ನೀರನ್ನು ತಗ್ಗಿಸುವ ಸಾಧನವೆಂದೂ ನೋಡುವುದು ಲಾಭದಾಯಕ.

ಇನ್ನು ಆಡಳಿತವನ್ನು ಕೇಳುವಾಗ ‘ರಸ್ತೆ ಸರಿಪಡಿಸಿ’ ಎಂಬ ಸಾಮಾನ್ಯ ಮನವಿಗಿಂತ ನಿರ್ದಿಷ್ಟ ಪ್ರಶ್ನೆಗಳು ಹೆಚ್ಚು ಫಲ ಕೊಡುತ್ತವೆ. ನಮ್ಮ ಬೀದಿಯ ಕಾಮಗಾರಿಯಲ್ಲಿ ಹಳೆಯ ಪದರವನ್ನು ತೆಗೆಯುವ ಅಂಶ ಅಂದಾಜುಪಟ್ಟಿಯಲ್ಲಿದೆಯೇ? ಮುಗಿದ ಮೇಲೆ ರಸ್ತೆಯ ಮಟ್ಟ ಹೊಸ್ತಿಲಿಗಿಂತ ಎಷ್ಟು ಕೆಳಗಿರುತ್ತದೆ? ನೀರಿಳಿಯುವ ಕಿಂಡಿಗಳು ಎಷ್ಟು ಅಡಿಗೊಂದರಂತೆ ಬರುತ್ತವೆ? ಈ ಚರಂಡಿ ಯಾವ ರಾಜಕಾಲುವೆಗೆ ಸೇರುತ್ತದೆ, ಆ ಕಾಲುವೆಯ ಹೂಳನ್ನು ಯಾವ ತಿಂಗಳಲ್ಲಿ ತೆಗೆಯಲಾಯಿತು? ಕೇಂದ್ರ ಸರ್ಕಾರದ 2019ರ ಮಳೆನೀರು ಚರಂಡಿ ಕೈಪಿಡಿಯಂತೆ ಎಷ್ಟು ಬಿರುಸಿನ ಮಳೆಗೆ ಇದನ್ನು ವಿನ್ಯಾಸಗೊಳಿಸಲಾಗಿದೆ? ಈ ಪ್ರಶ್ನೆಗಳನ್ನು ಕಾಮಗಾರಿ ಆರಂಭವಾಗುವ ಮುನ್ನ, ಬರವಣಿಗೆಯಲ್ಲಿ, ಬೀದಿಯ ವ್ಯಾಪಾರಿಗಳೆಲ್ಲ ಒಟ್ಟಾಗಿ ಕೇಳಬೇಕು. ಮಾಹಿತಿ ಹಕ್ಕು ಕಾಯ್ದೆಯ ಮೂಲಕವೂ ಇವುಗಳಿಗೆ ಉತ್ತರ ಪಡೆಯಬಹುದು.

ಕೊನೆಯದಾಗಿ, ಪ್ರತಿಯೊಂದು ವ್ಯಾಪಾರಿ ಸಂಘವೂ ಒಂದು ಸಣ್ಣ ದಾಖಲೆ ಪುಸ್ತಕವನ್ನು ಇಡುವುದು ಅವಶ್ಯಕ. ನೀರು ನಿಂತ ದಿನಾಂಕ, ಸಮಯ, ಎಷ್ಟು ಅಂಗುಲ, ಎಷ್ಟು ಹೊತ್ತು, ಮುಚ್ಚಿದ ಅಂಗಡಿಗಳ ಸಂಖ್ಯೆ, ಹಾಳಾದ ಸರಕಿನ ಬೆಲೆ: ಇಷ್ಟನ್ನು ಬರೆದಿಟ್ಟರೆ ಸಾಕು. ಎರಡು ಮಳೆಗಾಲಗಳ ಇಂತಹ ದಾಖಲೆ ಕೈಯಲ್ಲಿದ್ದರೆ ಆಯವ್ಯಯದ ಪೂರ್ವಭಾವಿ ಸಭೆಯಲ್ಲಿ ನಮ್ಮ ಮಾತಿಗೆ ಬೇರೆಯೇ ತೂಕ ಬರುತ್ತದೆ. ಹೊರವರ್ತುಲ ರಸ್ತೆಯ ಕಂಪನಿಗಳು ಒಂದು ದಿನದ ನಷ್ಟವನ್ನು ಒಂದು ಪತ್ರದಲ್ಲಿ ಬರೆದವು. ಪೇಟೆ ಬೀದಿಗಳ, ಕೈಗಾರಿಕಾ ಬಡಾವಣೆಗಳ ನಷ್ಟವನ್ನು ಬರೆಯಬೇಕಾದವರು ನಾವೇ. ಮುಂದಿನ ಮಳೆಗಾಲದ ಮೊದಲ ಮಳೆಗೆ ಮುನ್ನ ಆ ಪುಸ್ತಕದ ಮೊದಲ ಪುಟ ಸಿದ್ಧವಾಗಿರಲಿ.